ಒಟಿಪಿ ಬರುತ್ತಿಲ್ಲವೇ? ಮತ್ತೆ ‘ರೀಸೆಂಡ್’ ಒತ್ತುವ ಮೊದಲು ಇಷ್ಟು ನೋಡಿ

ಹೊಸ ಫೋನಿಗೆ ವಾಟ್ಸ್‌ಆ್ಯಪ್, ಸಿಗ್ನಲ್ ಅಥವಾ ಟೆಲಿಗ್ರಾಂ ಹಾಕಿಕೊಂಡು ನಂಬರ್ ಕೊಟ್ಟಾಗಿದೆ. ಕೋಡ್ ತುಂಬಲು ಖಾಲಿ ಚೌಕಗಳು ಕಾಯುತ್ತಿವೆ, ಕೆಳಗೆ ಸೆಕೆಂಡುಗಳು ಇಳಿಯುತ್ತಿವೆ, ಮೆಸೇಜ್ ಮಾತ್ರ ಬರುವುದಿಲ್ಲ. ಆಗ ಎಲ್ಲರ ಬೆರಳೂ ಹೋಗುವುದು ‘ಮತ್ತೆ ಕಳುಹಿಸಿ’ ಎನ್ನುವಲ್ಲಿಗೇ. ಬರಲಿಲ್ಲವೆಂದರೆ ಇನ್ನೊಮ್ಮೆ. ಅದಕ್ಕೂ ಬರಲಿಲ್ಲವೆಂದರೆ ಆ್ಯಪ್ ಅಳಿಸಿ, ಮತ್ತೆ ಹಾಕಿ, ಮತ್ತೊಮ್ಮೆ.

ಇಷ್ಟರಲ್ಲಿ ಸಣ್ಣ ತೊಂದರೆ ದೊಡ್ಡದಾಗಿರುತ್ತದೆ. ನೀವು ಎಷ್ಟು ಸಲ ಕೋಡ್ ಕೇಳಿದಿರಿ ಎಂಬ ಲೆಕ್ಕ ಕಂಪನಿಯ ಸರ್ವರ್‌ನಲ್ಲಿ ಇರುತ್ತದೆ. ಮಿತಿ ದಾಟಿತೆಂದರೆ ನಿಮಿಷದಲ್ಲಿದ್ದ ಕಾಯುವ ಹೊತ್ತು ಗಂಟೆಗೆ ಏರುತ್ತದೆ. ಇದು ಬಳಕೆದಾರರನ್ನು ಸತಾಯಿಸಲೆಂದು ಮಾಡಿದ್ದಲ್ಲ. 6 ಅಂಕಿಯ ಕೋಡ್ ಎಂದರೆ ಒಟ್ಟು 10 ಲಕ್ಷ ಸಾಧ್ಯತೆಗಳಷ್ಟೇ. ಬೇಕಾದಷ್ಟು ಸಲ ಯತ್ನಿಸಲು ಬಿಟ್ಟರೆ ನಿಮ್ಮ ಖಾತೆಯನ್ನು ಬೇರೆಯವರು ಕಂಪ್ಯೂಟರ್ ಕೂರಿಸಿ ಊಹಿಸಿಯೇ ತೆರೆದುಬಿಡಬಹುದು. ಜೊತೆಗೆ ಪ್ರತಿ ಎಸ್‌ಎಂಎಸ್‌ಗೂ ಆ ಕಂಪನಿ ದುಡ್ಡು ಕೊಡಬೇಕು. ಹಾಗಾಗಿ ಮಿತಿ ಇದ್ದೇ ಇರುತ್ತದೆ, ಮತ್ತು ಅದು ಪ್ರಾಮಾಣಿಕರಿಗೂ ತಗಲುತ್ತದೆ.

ಆದ್ದರಿಂದ ಮೊದಲು ಕೈ ತೆಗೆಯಿರಿ. ಕೋಡ್ ಎಲ್ಲಿ ನಿಂತಿದೆ ಎಂದು ಪತ್ತೆ ಮಾಡಿ, ಅದನ್ನು ಸರಿಮಾಡಿ, ಆಮೇಲೆ ಒಂದೇ ಒಂದು ಸಲ ಒತ್ತಿ.

ಕೋಡ್ ಬರುವ ದಾರಿ

ನೀವು ನಂಬರ್ ಕೊಟ್ಟ ಕೂಡಲೇ ಆ್ಯಪ್ ಇಂಟರ್ನೆಟ್ ಮೂಲಕ ತನ್ನ ಸರ್ವರ್‌ಗೆ ಕೋರಿಕೆ ಕಳಿಸುತ್ತದೆ. ಸರ್ವರ್ ಕೋಡ್ ತಯಾರಿಸಿ, ಸಗಟಿನಲ್ಲಿ ಎಸ್‌ಎಂಎಸ್ ಕಳಿಸುವ ಮಧ್ಯವರ್ತಿ ಕಂಪನಿಗೆ ಕೊಡುತ್ತದೆ. ಕೆಲವೊಮ್ಮೆ ಇಂಥ ಮಧ್ಯವರ್ತಿಗಳು ಇಬ್ಬರೋ ಮೂವರೋ ಇರುತ್ತಾರೆ. ಅಲ್ಲಿಂದ ಅದು ನಿಮ್ಮ ಸಿಮ್ ಕಂಪನಿಯ ಮೆಸೇಜ್ ಕೇಂದ್ರಕ್ಕೆ, ಅಲ್ಲಿಂದ ಟವರ್‌ಗೆ, ಟವರ್‌ನಿಂದ ಫೋನಿಗೆ ಬರುತ್ತದೆ. ಕೊನೆಗೆ ಫೋನಿನ ಮೆಸೇಜ್ ಆ್ಯಪ್ ಅದನ್ನು ನಿಮಗೆ ತೋರಿಸಬೇಕು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕೋರಿಕೆ ಹೋಗುವುದು ಇಂಟರ್ನೆಟ್‌ನಲ್ಲಿ, ಉತ್ತರ ಬರುವುದು ಸಿಮ್ ನೆಟ್‌ವರ್ಕ್‌ನಲ್ಲಿ. ‘ವೈಫೈ ಜೋರಾಗಿದೆ, ವಿಡಿಯೋ ಓಡುತ್ತಿದೆ, ಒಟಿಪಿ ಮಾತ್ರ ಇಲ್ಲ’ ಎನ್ನುವವರಿಗೆ ಉತ್ತರ ಇಲ್ಲೇ ಇದೆ. ವೈಫೈಗೂ ಎಸ್‌ಎಂಎಸ್‌ಗೂ ಸಾಮಾನ್ಯವಾಗಿ ಸಂಬಂಧವೇ ಇಲ್ಲ.

ಹಂತ 1: ಪರದೆಯ ಮೇಲಿನ ನಂಬರನ್ನು ಗಟ್ಟಿಯಾಗಿ ಓದಿ

ನಗಬೇಡಿ. ಬಾರದ ಒಟಿಪಿಗಳಲ್ಲಿ ಎಷ್ಟೋ ಯಾರೋ ಅಪರಿಚಿತರ ಫೋನಿಗೆ ಹೋಗಿ ಬಿದ್ದಿರುತ್ತವೆ. ಕೋಡ್ ತುಂಬುವ ಪುಟದ ಮೇಲ್ಗಡೆ ನೀವು ಕೊಟ್ಟ ನಂಬರ್ ಕಾಣುತ್ತದೆ. ಅದನ್ನು ಒಂದೊಂದೇ ಅಂಕಿಯಾಗಿ ಓದಿ, ತಪ್ಪಿದ್ದರೆ ಅಲ್ಲೇ ಇರುವ ‘ನಂಬರ್ ತಪ್ಪಾಗಿದೆಯೇ?’ ಎಂಬುದನ್ನು ಒತ್ತಿ ತಿದ್ದಿ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಇ.164 ಎಂಬ ನಿಯಮದ ಪ್ರಕಾರ ಜಗತ್ತಿನ ಯಾವುದೇ ಫೋನ್ ನಂಬರ್ ದೇಶದ ಕೋಡ್ ಸೇರಿ 15 ಅಂಕಿ ಮೀರುವಂತಿಲ್ಲ. ದೇಶದ ಕೋಡ್ 1ರಿಂದ 3 ಅಂಕಿ, ಉಳಿದದ್ದು ನಿಮ್ಮ ನಂಬರ್. ಎಡವುವುದು ಹೆಚ್ಚಾಗಿ ಈ ಎರಡು ಕಡೆ:

ದೇಶದೊಳಗೆ ಡಯಲ್ ಮಾಡುವಾಗ ಮುಂದೆ ಸೇರಿಸುವ ಸೊನ್ನೆಯನ್ನು ಇಲ್ಲಿ ಹಾಕಬಾರದು. ಬ್ರಿಟನ್ನಿನಲ್ಲಿ 07 ಎಂದು ಶುರುವಾಗುವ ಮೊಬೈಲ್ ನಂಬರ್ ಇಲ್ಲಿ +44 7 ಆಗುತ್ತದೆ. ಭಾರತದ ನಂಬರ್ ಆದರೆ +91 ನಂತರ ನೇರವಾಗಿ 10 ಅಂಕಿ.

ದೇಶದ ಕೋಡ್ ಎರಡು ಸಲ ಬೀಳಬಾರದು. ಮೇಲಿನ ಪಟ್ಟಿಯಲ್ಲಿ ದೇಶ ಆರಿಸಿದ ಮೇಲೆ ಕೆಳಗಿನ ಜಾಗದಲ್ಲಿ ಮತ್ತೆ ಅದೇ ಕೋಡ್ ಸಮೇತ ನಂಬರ್ ಅಂಟಿಸಿದರೆ ಕೆಲವು ಆ್ಯಪ್‌ಗಳು ಗುರುತಿಸಿ ತಿದ್ದುತ್ತವೆ, ಕೆಲವು ತಿದ್ದುವುದಿಲ್ಲ.

ವಿಚಿತ್ರ ದೇಶಗಳೂ ಇವೆ. ಅರ್ಜೆಂಟೀನಾದ ಮೊಬೈಲ್ ನಂಬರಿಗೆ +54 ಆದ ಮೇಲೆ 9 ಸೇರಿಸಬೇಕು, ಒಳಗಿನ 15 ತೆಗೆಯಬೇಕು. ಮೆಕ್ಸಿಕೋದಲ್ಲಿ +52 ಆದ ಮೇಲೆ 1 ಹಾಕುವ ಪದ್ಧತಿ 2019ರಲ್ಲಿ ನಿಂತಿತು, ಆದರೂ ಹಳೇ ಕಾಂಟ್ಯಾಕ್ಟ್ ಪಟ್ಟಿಗಳಲ್ಲಿ ಆ 1 ಇನ್ನೂ ಉಳಿದುಕೊಂಡಿದೆ. +1 ಅಮೆರಿಕದ್ದಷ್ಟೇ ಅಲ್ಲ, ಕೆನಡಾದ್ದೂ ಹಲವು ಕೆರಿಬಿಯನ್ ದ್ವೀಪಗಳದ್ದೂ ಹೌದು. +7 ರಷ್ಯಾ ಮತ್ತು ಕಜಾಕಿಸ್ತಾನ ಎರಡಕ್ಕೂ ಸೇರಿದ್ದು.

ಎರಡು ಸಿಮ್ ಇರುವವರು ಇನ್ನೊಂದು ವಿಷಯ ಖಚಿತಪಡಿಸಿಕೊಳ್ಳಿ: ಈ ನಂಬರ್ ನಿಜವಾಗಿ ಈ ಸಿಮ್ಮಿನದೇ? ಮನೆಯವರಿಗೊಂದು ಮಿಸ್ಡ್ ಕಾಲ್ ಕೊಟ್ಟು, ಅವರ ಫೋನಿನಲ್ಲಿ ಏನು ಬಂತೆಂದು ನೋಡಿದರೆ ಆಯಿತು.

ಹಂತ 2: ಇದು ಕೋಡ್ ಬರಬಲ್ಲ ನಂಬರೇ?

ಸ್ಥಿರ ದೂರವಾಣಿ, ಟೋಲ್ ಫ್ರೀ ನಂಬರ್, ಇಂಟರ್ನೆಟ್ ಮೂಲಕ ನಡೆಯುವ ವರ್ಚುವಲ್ ನಂಬರ್‌ಗಳನ್ನು ಸಾಮಾನ್ಯ ವಾಟ್ಸ್‌ಆ್ಯಪ್ ಒಪ್ಪುವುದಿಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಸ್ಥಿರ ದೂರವಾಣಿಗೆ ಕರೆ ಮೂಲಕ ಕೋಡ್ ಪಡೆಯುವ ದಾರಿ ಇದೆ. ಸಿಗ್ನಲ್ ಈ ವಿಷಯದಲ್ಲಿ ಉದಾರಿ. ಎಸ್‌ಎಂಎಸ್ ಇಲ್ಲವೇ ಕರೆ ಬರಬಲ್ಲ ನಂಬರ್ ಆಗಿದ್ದರೆ ಸ್ಥಿರ ದೂರವಾಣಿಯಾದರೂ ಅದು ತಕರಾರು ಮಾಡುವುದಿಲ್ಲ.

ವಿದೇಶ ಪ್ರವಾಸಕ್ಕೆಂದು ಆನ್‌ಲೈನ್‌ನಲ್ಲಿ ಕೊಳ್ಳುವ ಇ-ಸಿಮ್‌ಗಳಲ್ಲಿ (ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್) ಹೆಚ್ಚಿನವು ಡೇಟಾಗೆ ಮಾತ್ರ. ಅವುಗಳಲ್ಲಿ ನಿಮಗೆ ಬಳಸಲು ಫೋನ್ ನಂಬರೇ ಇರುವುದಿಲ್ಲ. ಇ-ಸಿಮ್ ಹಾಕಿ, ಊರಿನ ಸಿಮ್ಮನ್ನು ಆಫ್ ಮಾಡಿ, ಊರಿನ ನಂಬರಿಗೆ ಒಟಿಪಿ ಕಾಯುವವರನ್ನು ವಿಮಾನ ನಿಲ್ದಾಣಗಳಲ್ಲಿ ನೋಡಬಹುದು. ಡೇಟಾ ಇ-ಸಿಮ್ಮಿನಲ್ಲೇ ಇರಲಿ, ಊರಿನ ಸಿಮ್ ಕೂಡ ಆನ್ ಇರಲಿ, ಅದರ ಡೇಟಾ ರೋಮಿಂಗ್ ಮಾತ್ರ ಆಫ್ ಇರಲಿ. ಎಸ್‌ಎಂಎಸ್ ಸ್ವೀಕರಿಸಲು ಡೇಟಾ ರೋಮಿಂಗ್ ಬೇಕಿಲ್ಲ. ಆದರೆ ಸಿಮ್ಮಿಗೆ ಅಂತರರಾಷ್ಟ್ರೀಯ ರೋಮಿಂಗ್ ಸೇವೆ ಇರಲೇಬೇಕು, ಅದನ್ನು ಹೊರಡುವ ಮೊದಲೇ ಚಾಲೂ ಮಾಡಿಸಿಕೊಳ್ಳುವುದು ಕ್ಷೇಮ.

ಹಂತ 3: ಸಿಮ್ ಜೀವಂತವಾಗಿದೆಯೇ?

ಎಲ್ಲ ಹಂತಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಬೇರೆಯವರ ಫೋನಿನಿಂದ ಈ ನಂಬರಿಗೆ ಒಂದು ಕರೆ, ಒಂದು ಸಾದಾ ಎಸ್‌ಎಂಎಸ್ ಮಾಡಿಸಿ. ಫಲಿತಾಂಶ ಮೂರರಲ್ಲಿ ಒಂದು ಆಗಿರುತ್ತದೆ.

ಕರೆಯೂ ಇಲ್ಲ, ಮೆಸೇಜೂ ಇಲ್ಲ: ತೊಂದರೆ ಸಿಮ್ಮಿನದು ಅಥವಾ ನೆಟ್‌ವರ್ಕಿನದು, ಆ್ಯಪಿನದಲ್ಲ. ಏರೋಪ್ಲೇನ್ ಮೋಡ್ ಹಾಕಿ, ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಆಗಲಿಲ್ಲವೆಂದರೆ ಫೋನ್ ಆಫ್ ಮಾಡಿ ಆನ್ ಮಾಡಿ. 4ಜಿ ಫೋನಿನಲ್ಲಿ ವೋಲ್ಟಿ (4ಜಿ ಮೇಲೆಯೇ ಕರೆ ಸಾಗಿಸುವ ವ್ಯವಸ್ಥೆ) ಆಫ್ ಆಗಿದ್ದರೆ ಆನ್ ಮಾಡಿ. 2ಜಿ, 3ಜಿ ಮುಚ್ಚಿರುವ ಕಡೆ ಕರೆ ಬರುವುದು ಅದರ ಮೇಲೆ, ಎಸ್‌ಎಂಎಸ್ ಕೂಡ ಹಲವು ಸಲ ಅದೇ ವ್ಯವಸ್ಥೆಯನ್ನು ಆಶ್ರಯಿಸುತ್ತದೆ. ರೀಚಾರ್ಜ್ ಅವಧಿ ಮುಗಿದಿದೆಯೇ ನೋಡಿ. ವ್ಯಾಲಿಡಿಟಿ ಮುಗಿದು ಸ್ವಲ್ಪ ಕಾಲವಾದರೆ ಕೆಲವು ಕಂಪನಿಗಳು ಒಳಬರುವ ಮೆಸೇಜನ್ನೂ ನಿಲ್ಲಿಸುತ್ತವೆ.

ಕರೆ ಬರುತ್ತದೆ, ಮೆಸೇಜ್ ಇಲ್ಲ: ಸಿಮ್ ಹೊಸದಾಗಿ ಬದಲಾಯಿಸಿದ್ದೀರಾ? ಕಳ್ಳರು ಬೇರೆಯವರ ಹೆಸರಿನಲ್ಲಿ ಸಿಮ್ ತೆಗೆದುಕೊಂಡು ಒಟಿಪಿ ದೋಚುವುದನ್ನು ತಡೆಯಲು, ಸಿಮ್ ಬದಲಾದ ನಂತರ ಸ್ವಲ್ಪ ಕಾಲ ಎಸ್‌ಎಂಎಸ್ ಕೊಡದಿರುವ ಪದ್ಧತಿ ಕೆಲವೆಡೆ ಇದೆ. ಹಾಗಿದ್ದರೆ ಒಂದು ದಿನ ಕಾಯುವುದೇ ಮದ್ದು. 2ಜಿ, 3ಜಿ ಮುಚ್ಚಿರುವ ಕಡೆ ಕರೆ ಬರುವುದು ಅದರ ಮೇಲೆ, ಎಸ್‌ಎಂಎಸ್ ಕೂಡ ಹಲವು ಸಲ ಅದೇ ವ್ಯವಸ್ಥೆಯನ್ನು ಆಶ್ರಯಿಸುತ್ತದೆ.

ಸಾದಾ ಮೆಸೇಜ್ ಬರುತ್ತದೆ, ಕೋಡ್ ಮಾತ್ರ ಇಲ್ಲ: ಜನರಿಂದ ಜನರಿಗೆ ಹೋಗುವ ಮೆಸೇಜಿಗೂ ಕಂಪನಿಗಳು ಕಳಿಸುವ ಮೆಸೇಜಿಗೂ ದಾರಿ ಬೇರೆ, ಶೋಧಕಗಳೂ ಬೇರೆ. ಬ್ಯಾಂಕೋ ಇಮೇಲೋ, ಇನ್ನೊಂದು ಸೇವೆಯಿಂದ ಒಟಿಪಿ ತರಿಸಿ ನೋಡಿ. ಅದೂ ಬರದಿದ್ದರೆ ನಿಮ್ಮ ಸಿಮ್ ಕಂಪನಿಯವರಿಗೆ ಫೋನ್ ಮಾಡಿ, ‘ಕಂಪನಿಗಳ ಎಸ್‌ಎಂಎಸ್, ವಿದೇಶದಿಂದ ಬರುವ ಎಸ್‌ಎಂಎಸ್ ನನ್ನ ನಂಬರಿಗೆ ತಡೆಹಿಡಿದಿದ್ದೀರಾ?’ ಎಂದು ನೇರವಾಗಿ ಕೇಳಿ. ‘ನೆಟ್‌ವರ್ಕ್ ಸರಿಯಿಲ್ಲ’ ಎಂದರೆ ಟವರ್ ಕಥೆ ಹೇಳಿ ಫೋನ್ ಇಡುತ್ತಾರೆ. ಪ್ರಶ್ನೆ ಇಷ್ಟು ನಿಖರವಾಗಿದ್ದರೆ ಮಾತ್ರ ಅವರೂ ಸರಿಯಾದ ಪುಟ ತೆರೆದು ನೋಡುತ್ತಾರೆ. ನಂಬರ್ ಇತ್ತೀಚೆಗೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಆಗಿದ್ದರೂ ಹೀಗಾಗುತ್ತದೆ. ಮಧ್ಯವರ್ತಿಗಳ ಪಟ್ಟಿಯಲ್ಲಿ ನೀವು ಇನ್ನೂ ಹಳೇ ಕಂಪನಿಯಲ್ಲೇ ಇರುತ್ತೀರಿ, ಅದು ಬದಲಾಗಲು ಸ್ವಲ್ಪ ಸಮಯ ಬೇಕು.

ಮೆಸೇಜ್ ಸೆಂಟರ್ ನಂಬರ್ ಬದಲಾಯಿಸಿ ಎಂದು ಸಲಹೆ ಕೊಡುವವರು ಎಲ್ಲ ಕಡೆ ಇದ್ದಾರೆ. ಆ ನಂಬರ್ ಬಳಕೆಯಾಗುವುದು ನೀವು ಕಳಿಸುವ ಮೆಸೇಜಿಗೆ. ಬರಬೇಕಾದ ಮೆಸೇಜಿಗೂ ಅದಕ್ಕೂ ಏನೂ ಇಲ್ಲ. ಅದನ್ನು ಕೆದಕಿದರೆ ಇದ್ದ ಒಂದು ತೊಂದರೆ ಎರಡಾಗುತ್ತದೆ.

ಇಷ್ಟಾದರೂ ಅನುಮಾನ ಉಳಿದರೆ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ. ಕೋಡ್ ಬರಬೇಕಾದದ್ದು ನಂಬರಿಗೆ. ಆ್ಯಪ್ ಇರುವ ಫೋನಿಗೇ ಬರಬೇಕೆಂದೇನಿಲ್ಲ. ಹಳೇ ಕೀಪ್ಯಾಡ್ ಫೋನಿಗೆ ಬಂದ ಕೋಡನ್ನು ಸ್ಮಾರ್ಟ್‌ಫೋನಿನಲ್ಲಿ ಕೈಯಾರೆ ತುಂಬಬಹುದು. ನಿಮ್ಮ ಕಡೆ 2ಜಿ ಮುಚ್ಚಿದ್ದರೆ ಆ ಕೀಪ್ಯಾಡ್ ಫೋನ್ 4ಜಿಯದ್ದಾಗಿರಬೇಕು, ಅಷ್ಟೇ.

ಹಂತ 4: ಬಂದಿದೆ, ಅಡಗಿದೆ

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತೆ, ಕೋಡ್ ಫೋನಿನೊಳಗೇ ಇದ್ದು ನಾವು ಕಂಪನಿಗಳಿಗೆ ಬೈಯುವುದು ಅಪರೂಪವೇನಲ್ಲ. ಇತ್ತೀಚಿನ ಫೋನ್‌ಗಳು ಅಪರಿಚಿತ ನಂಬರಿನ ಮೆಸೇಜನ್ನು ತಾವೇ ಪಕ್ಕಕ್ಕೆ ಸರಿಸುತ್ತವೆ. ವೆರಿಫಿಕೇಶನ್ ಕೋಡ್ ಬರುವುದೇ ಅಪರಿಚಿತ ನಂಬರಿನಿಂದ, ಕೆಲವೊಮ್ಮೆ ಬೇರೆ ದೇಶದ ನಂಬರಿನಿಂದ.

ಗೂಗಲ್ ಮೆಸೇಜಸ್ ಬಳಸುವವರು ಮೆನುವಿನಲ್ಲಿ ‘ಸ್ಪ್ಯಾಮ್ ಆ್ಯಂಡ್ ಬ್ಲಾಕ್ಡ್’ ತೆರೆಯಿರಿ. ಐಫೋನಿನವರು ಮೆಸೇಜಸ್‌ನಲ್ಲಿ ‘ಅನ್‌ನೋನ್ ಸೆಂಡರ್ಸ್’ ಪಟ್ಟಿಯನ್ನೂ ಜಂಕ್ ಪಟ್ಟಿಯನ್ನೂ ನೋಡಿ. ಕರೆ ಮಾಡಿದವರ ಹೆಸರು ತೋರಿಸುವ ಆ್ಯಪ್ ಹಾಕಿಕೊಂಡಿದ್ದರೆ, ಅದು ಸದ್ದಿಲ್ಲದೆ ಮೆಸೇಜ್‌ಗಳ ಯಜಮಾನಿಕೆಯನ್ನೂ ವಹಿಸಿಕೊಂಡಿರಬಹುದು. ಆಗ ಹಳೇ ಮೆಸೇಜ್ ಆ್ಯಪಿಗೆ ಹೊಸದರ ನೋಟಿಫಿಕೇಶನ್ ಬರುವುದಿಲ್ಲ, ಕೋಡ್ ಬೇರೆ ಆ್ಯಪಿನ ಯಾವುದೋ ಕಡತದಲ್ಲಿ ಕುಳಿತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಡಿಫಾಲ್ಟ್ ಆ್ಯಪ್ಸ್’ ತೆರೆದರೆ ಎಸ್‌ಎಂಎಸ್ ಯಾರ ಕೈಯಲ್ಲಿದೆ ಎಂದು ತಿಳಿಯುತ್ತದೆ. ಹಿಂದೊಮ್ಮೆ ಜಾಹೀರಾತಿನ ಕಾಟಕ್ಕೆ ಬೇಸತ್ತು ಯಾವುದೋ ನಂಬರ್ ಬ್ಲಾಕ್ ಮಾಡಿದ್ದರೆ ಆ ಪಟ್ಟಿಯನ್ನೂ ಒಮ್ಮೆ ಓದಿ.

ಕೋಡ್ ಮೆಸೇಜ್ ಸಿಕ್ಕಾಗ ಕೊನೆಯಲ್ಲಿ ಅರ್ಥವಿಲ್ಲದ 11 ಅಕ್ಷರಗಳ ಸಾಲೊಂದು ಕಾಣಬಹುದು. ಕೆಲವರು ಅದನ್ನು ವೈರಸ್ ಎಂದು ಹೆದರಿ ಮೆಸೇಜ್ ಅಳಿಸುತ್ತಾರೆ, ಕೆಲವರು ಅದನ್ನೇ ಕೋಡ್ ಎಂದು ತುಂಬಲು ನೋಡುತ್ತಾರೆ. ಎರಡೂ ಅಲ್ಲ. ಆಂಡ್ರಾಯ್ಡ್ ಫೋನಿಗೆ ‘ಈ ಮೆಸೇಜ್ ಈ ಆ್ಯಪಿಗೆ ಸೇರಿದ್ದು’ ಎಂದು ಹೇಳುವ ಗುರುತು ಅದು. ಆ ಗುರುತು ಹೊಂದಿಕೆಯಾದರೆ, ನಿಮ್ಮ ಉಳಿದ ಮೆಸೇಜ್ ಓದುವ ಅನುಮತಿ ಇಲ್ಲದೆಯೂ ಆ್ಯಪ್ ಕೋಡನ್ನು ತಾನೇ ತುಂಬಿಕೊಳ್ಳುತ್ತದೆ. ತುಂಬಿಕೊಳ್ಳದಿದ್ದರೆ ಅಂಕಿಗಳನ್ನು ಕೈಯಾರೆ ಬರೆಯಿರಿ, ಏನೂ ನಷ್ಟವಿಲ್ಲ.

ಹಂತ 5: ಆ್ಯಪಿನ ಕಡೆ

‘ಸಂಪರ್ಕ ಸಾಧ್ಯವಾಗಲಿಲ್ಲ’ ಎಂದು ಬಂದರೆ ನಿಮ್ಮ ಕೋರಿಕೆ ಸರ್ವರ್‌ಗೆ ಸರಿಯಾಗಿ ತಲುಪಿಲ್ಲ ಎಂದರ್ಥ. ಮೊದಲು ಫೋನಿನ ತಾರೀಕು, ಗಂಟೆ ನೋಡಿ. ಸರ್ವರಿನ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಬ್ಯಾಟರಿ ಪೂರ್ತಿ ಸತ್ತು ಎದ್ದ ಹಳೇ ಫೋನ್ ತಾನಿನ್ನೂ ಯಾವುದೋ ಹಿಂದಿನ ವರ್ಷದಲ್ಲಿದ್ದೇನೆ ಎಂದುಕೊಂಡರೆ ಆ ಪ್ರಮಾಣಪತ್ರವನ್ನು ನಂಬುವುದಿಲ್ಲ. ಸಮಯವನ್ನು ‘ಆಟೋಮ್ಯಾಟಿಕ್’ ಮಾಡಿ.

ವಿಪಿಎನ್ (ನಿಮ್ಮ ಇಂಟರ್ನೆಟ್ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಸಾಗಿಸುವ ಸೇವೆ) ಇದ್ದರೆ ನಿಲ್ಲಿಸಿ. ಒಂದೇ ವಿಪಿಎನ್ ವಿಳಾಸದ ಹಿಂದೆ ಸಾವಿರಾರು ಜನರಿರುತ್ತಾರೆ, ಅವರಲ್ಲಿ ಒಬ್ಬ ಕಿಡಿಗೇಡಿ ಮಾಡಿದ ಚೇಷ್ಟೆಗೆ ಇಡೀ ವಿಳಾಸವೇ ಸರ್ವರಿನ ಅನುಮಾನಕ್ಕೆ ಸಿಕ್ಕಿರಬಹುದು. ಜಾಹೀರಾತು ತಡೆಯುವ ಡಿಎನ್‌ಎಸ್ (ಜಾಲತಾಣಗಳ ವಿಳಾಸ ಹುಡುಕಿಕೊಡುವ ಸೇವೆ) ಹಾಕಿಕೊಂಡವರು ಅದನ್ನೂ ತಾತ್ಕಾಲಿಕವಾಗಿ ತೆಗೆಯಿರಿ. ಕಚೇರಿ, ಹಾಸ್ಟೆಲ್ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಯತ್ನಿಸಿ.

ಆ್ಯಪ್ ಅಧಿಕೃತ ಸ್ಟೋರಿನದೇ ಆಗಿರಲಿ, ಅಪ್‌ಡೇಟ್ ಆಗಿರಲಿ. ‘ಹೆಚ್ಚು ಸೌಲಭ್ಯ’ದ ಹೆಸರಿನಲ್ಲಿ ಹರಿದಾಡುವ ಮಾರ್ಪಡಿಸಿದ ವಾಟ್ಸ್‌ಆ್ಯಪ್‌ಗಳಲ್ಲಿ ನೋಂದಾಯಿಸಿದರೆ ನಂಬರೇ ನಿಷೇಧಕ್ಕೆ ಒಳಗಾಗಬಹುದು. ಫೋನ್ ತೀರಾ ಹಳೆಯದಾದರೆ ಆ್ಯಪ್ ಹೊಸ ನೋಂದಣಿಯನ್ನೇ ಒಪ್ಪುವುದಿಲ್ಲ, ಅದಕ್ಕೆ ಯಾವ ಚಮತ್ಕಾರವೂ ನಡೆಯದು.

ಹಂತ 6: ಕರೆ ಮೂಲಕ ಕೋಡ್

ಮೇಲಿನದೆಲ್ಲ ಮುಗಿಸಿ, ಸಮಯ ಸೊನ್ನೆಗೆ ಇಳಿದ ಮೇಲೆ ‘ಕರೆ ಮಾಡಿ’ ಎಂಬ ಆಯ್ಕೆ ತೆರೆದುಕೊಳ್ಳುತ್ತದೆ. ಎಸ್‌ಎಂಎಸ್ ಒಮ್ಮೆ ಕೈಕೊಟ್ಟಿದ್ದರೆ ನಾನು ಎರಡನೇ ಎಸ್‌ಎಂಎಸ್‌ಗಿಂತ ಇದನ್ನೇ ಆರಿಸುತ್ತೇನೆ. ಕರೆಯ ದಾರಿಯೇ ಬೇರೆಯಾದ್ದರಿಂದ ಅಲ್ಲಿ ಸಿಕ್ಕಿಹಾಕಿಕೊಂಡದ್ದು ಇಲ್ಲಿ ಸಲೀಸಾಗಿ ಬರುತ್ತದೆ. ಕರೆ ಎತ್ತಿದರೆ ಯಂತ್ರದ ಧ್ವನಿ ಅಂಕಿಗಳನ್ನು ಹೇಳುತ್ತದೆ. ಪೆನ್ನು ಕಾಗದ ಕೈಯಲ್ಲಿರಲಿ.

ಕರೆ ಬರಲು ಅಡ್ಡಿಯಾಗುವುದನ್ನು ಮೊದಲೇ ತೆಗೆದಿಡಿ: ಐಫೋನಿನ ‘ಸೈಲೆನ್ಸ್ ಅನ್‌ನೋನ್ ಕಾಲರ್ಸ್’, ಡು ನಾಟ್ ಡಿಸ್ಟರ್ಬ್, ಸ್ಪ್ಯಾಮ್ ಕರೆ ತಡೆಯುವ ಆ್ಯಪ್. ಕರೆ ಬೇರೆ ನಂಬರಿಗೆ ತಿರುಗುತ್ತಿದೆಯೇ ಎಂದು *#21# ಡಯಲ್ ಮಾಡಿ ನೋಡಬಹುದು. ##002# ಡಯಲ್ ಮಾಡಿದರೆ ಜಿಎಸ್‌ಎಂ ನೆಟ್‌ವರ್ಕ್‌ಗಳಲ್ಲಿ ಎಲ್ಲ ಬಗೆಯ ಫಾರ್ವರ್ಡಿಂಗ್ ರದ್ದಾಗುತ್ತದೆ. ಇದಕ್ಕೆ ತದ್ವಿರುದ್ಧ ಕೆಲಸ ಮಾಡುವ ಕೋಡ್ *21* ಅಥವಾ **21* ಎಂದು ಶುರುವಾಗುತ್ತದೆ. ಯಾರಾದರೂ ಫೋನ್ ಮಾಡಿ ‘ನಿಮ್ಮ ಕನೆಕ್ಷನ್ ಸರಿಮಾಡಲು ಇದನ್ನು ಒತ್ತಿ’ ಎಂದು ಅಂಥದ್ದನ್ನು ಹೇಳಿದರೆ, ನಿಮ್ಮ ಕರೆಗಳನ್ನು ಅವರ ಫೋನಿಗೆ ತಿರುಗಿಸಿಕೊಂಡು ಕೋಡ್ ಕೇಳಿಸಿಕೊಳ್ಳುವ ಹುನ್ನಾರ ಅದು.

ವಾಯ್ಸ್‌ಮೇಲ್ ಇರುವವರು ಇನ್ನೂ ಎಚ್ಚರವಾಗಿರಬೇಕು. ಕರೆ ಎತ್ತದಿದ್ದರೆ ಕೋಡ್ ವಾಯ್ಸ್‌ಮೇಲ್‌ನಲ್ಲಿ ದಾಖಲಾಗಬಹುದು. ರಾತ್ರಿ ಜನ ಮಲಗಿದ್ದಾಗ ಕೋಡ್ ಕೇಳಿ, 0000 ಅಥವಾ 1234 ಎಂಬ ಬದಲಾಯಿಸದ ಪಿನ್ ಬಳಸಿ ವಾಯ್ಸ್‌ಮೇಲ್ ತೆರೆದು ವಾಟ್ಸ್‌ಆ್ಯಪ್ ಖಾತೆ ಕದಿಯುತ್ತಿದ್ದಾರೆ ಎಂದು ಇಸ್ರೇಲಿನ ಸೈಬರ್ ಭದ್ರತಾ ಸಂಸ್ಥೆ 2018ರಲ್ಲೇ ಎಚ್ಚರಿಸಿತ್ತು.

ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್ ‘ಮಿಸ್ಡ್ ಕಾಲ್’ ವಿಧಾನವನ್ನೂ ತೋರಿಸಬಹುದು. ಒಂದು ಕರೆ ಬಂದು ತಾನಾಗಿ ನಿಲ್ಲುತ್ತದೆ, ಆ್ಯಪ್ ಕಾಲ್ ಲಾಗ್ ನೋಡಿ ಖಚಿತಪಡಿಸಿಕೊಳ್ಳುತ್ತದೆ. ಕಾಲ್ ಲಾಗ್ ಅನುಮತಿ ಕೊಡದಿದ್ದರೆ ಇದು ನಡೆಯುವುದಿಲ್ಲ. ಸಿಮ್ ಬೇರೆ ಫೋನಿನಲ್ಲಿದ್ದರಂತೂ ಇದನ್ನು ಆರಿಸಲೇಬೇಡಿ.

‘ಹಲವು ಸಲ ಪ್ರಯತ್ನಿಸಿದ್ದೀರಿ’ ಎಂದು ಬಂದಿದ್ದರೆ

ಕಾಯಿರಿ. ಬೇರೆ ಉಪಾಯ ಇಲ್ಲ. ಈ ಲೆಕ್ಕ ಇರುವುದು ಸರ್ವರಿನಲ್ಲಿ, ನಿಮ್ಮ ನಂಬರಿನ ಹೆಸರಿನಲ್ಲಿ. ಆ್ಯಪ್ ಅಳಿಸಿ ಹಾಕಿದರೂ, ಡೇಟಾ ಕ್ಲಿಯರ್ ಮಾಡಿದರೂ, ಬೇರೆ ಫೋನ್ ತಂದರೂ ಅದು ಹಾಗೇ ಇರುತ್ತದೆ. ಅವಧಿ ಮುಗಿಯುವ ಮೊದಲೇ ಮತ್ತೆ ಯತ್ನಿಸಿದರೆ ಕಾಯುವ ಹೊತ್ತು ಬೆಳೆಯಬಹುದು. ತೋರಿಸಿದ ಸಮಯಕ್ಕಿಂತ ಇನ್ನೂ ಸ್ವಲ್ಪ ಹೆಚ್ಚೇ ಬಿಡಿ.

ಕೋಡ್ ಬಂತು, ಆದರೂ ಒಳಗೆ ಬಿಡುತ್ತಿಲ್ಲ

ಫೋನ್ ನೆಟ್‌ವರ್ಕಿನಲ್ಲಿ ಇಲ್ಲದಾಗ ಸಿಮ್ ಕಂಪನಿಯ ಮೆಸೇಜ್ ಕೇಂದ್ರ ಎಸ್‌ಎಂಎಸ್‌ಗಳನ್ನು ಹಿಡಿದಿಟ್ಟುಕೊಂಡು, ನೆಟ್‌ವರ್ಕ್ ಬಂದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಬಿಡುತ್ತದೆ. ಒಂದರ ಹಿಂದೆ ಒಂದು ಕೋಡ್ ಬಂದು ಬೀಳುತ್ತವೆ, ಬಂದ ಕ್ರಮವೂ ಹಿಂದುಮುಂದಾಗಿರಬಹುದು. ಕೊನೆಯ ಕೋರಿಕೆಗೆ ಬಂದ ಕೋಡನ್ನೇ ತುಂಬಬೇಕು. ಯಾವುದು ಕೊನೆಯದೆಂದು ಗೊತ್ತಾಗದಿದ್ದರೆ ಊಹಿಸುತ್ತ ಕೂರಬೇಡಿ, ತಪ್ಪು ಕೋಡಿಗೂ ಲೆಕ್ಕ ಇದೆ. ಸಮಯ ಮುಗಿಯಲು ಬಿಟ್ಟು ಹೊಸದೊಂದನ್ನು ತರಿಸಿಕೊಳ್ಳಿ.

ಟೆಲಿಗ್ರಾಂನ ರೀತಿಯೇ ಬೇರೆ. ಅದೇ ನಂಬರಿನಿಂದ ನೀವು ಇನ್ನೊಂದು ಫೋನ್ ಅಥವಾ ಕಂಪ್ಯೂಟರಿನಲ್ಲಿ ಈಗಾಗಲೇ ಲಾಗಿನ್ ಆಗಿದ್ದರೆ ಕೋಡ್ ಸಾಮಾನ್ಯವಾಗಿ ಎಸ್‌ಎಂಎಸ್‌ನಲ್ಲಿ ಬರುವುದಿಲ್ಲ. ಅದು ಹೋಗುವುದು ಅಲ್ಲಿನ ಟೆಲಿಗ್ರಾಂನೊಳಗೆ, ‘ಟೆಲಿಗ್ರಾಂ’ ಎಂಬ ಹೆಸರಿನ ಅಧಿಕೃತ ಚಾಟಿಗೆ. ಹೊಸ ಫೋನ್ ಮುಂದೆ ಎಸ್‌ಎಂಎಸ್ ಕಾಯುತ್ತ ಕೂತವರು ಕಚೇರಿಯ ಕಂಪ್ಯೂಟರ್ ತೆರೆದು ನೋಡಲಿ. ಆ ಕೋಡನ್ನು ಟೆಲಿಗ್ರಾಂನಲ್ಲೇ ಯಾರಿಗಾದರೂ, ಮನೆಯವರಿಗೇ ಆದರೂ, ಕಳಿಸಿದರೆ ಕೋಡ್ ತಕ್ಷಣ ರದ್ದಾಗುತ್ತದೆ. ವಂಚಕರ ಕೈಗೆ ಸಿಗದಿರಲೆಂದು ಮಾಡಿದ ವ್ಯವಸ್ಥೆ. ಮನೆಯಲ್ಲಿ ಬಿಟ್ಟುಬಂದ ಫೋನಿನಿಂದ ಕೋಡ್ ಬೇಕಾದರೆ ಕರೆ ಮಾಡಿ ಬಾಯಲ್ಲೇ ಓದಿಸಿಕೊಳ್ಳಿ.

ಕೋಡ್ ಸರಿಯಾಗಿದ್ದು ಅದರ ನಂತರ ಪಿನ್ ಅಥವಾ ಪಾಸ್‌ವರ್ಡ್ ಕೇಳಿದರೆ ಅದು ಎಸ್‌ಎಂಎಸ್‌ನಲ್ಲಿ ಬರುವಂಥದ್ದಲ್ಲ, ಹಿಂದೆ ನೀವೇ ಇಟ್ಟದ್ದು. ವಾಟ್ಸ್‌ಆ್ಯಪ್‌ನಲ್ಲಿ ಅದು 6 ಅಂಕಿಯ ಟೂ-ಸ್ಟೆಪ್ ಪಿನ್. ಮರೆತಿದ್ದರೆ ಆಗ ಕೊಟ್ಟಿದ್ದ ಇಮೇಲ್ ಮೂಲಕ ಬದಲಾಯಿಸಬಹುದು. ಇಮೇಲ್ ಕೊಟ್ಟಿಲ್ಲವೆಂದರೆ 7 ದಿನ ಕಾಯಬೇಕು. ಸಿಗ್ನಲ್‌ನಲ್ಲಿ ರಿಜಿಸ್ಟ್ರೇಶನ್ ಲಾಕ್ ಹಾಕಿ ಪಿನ್ ಮರೆತರೂ 7 ದಿನ ಆ ಖಾತೆ ಬಳಕೆಯಾಗದೆ ಇದ್ದ ಮೇಲೆ ಬೀಗ ಬಿಡುತ್ತದೆ. ಟೆಲಿಗ್ರಾಂನಲ್ಲಿ ರಿಕವರಿ ಇಮೇಲ್ ಇಲ್ಲದೆ ಪಾಸ್‌ವರ್ಡ್ ಮರೆತವರು ಖಾತೆಯನ್ನೇ ರೀಸೆಟ್ ಮಾಡಬೇಕಾಗಬಹುದು. ಹಾಗೆ ಮಾಡಿದರೆ ಹಳೇ ಚಾಟ್‌ಗಳು ಹೋಗುತ್ತವೆ. ಬೇರೆ ಸಾಧನದಲ್ಲಿ ಲಾಗಿನ್ ಉಳಿದಿದೆಯೇ ಎಂದು ಹುಡುಕಿ ನೋಡದೆ ಆ ಗುಂಡಿ ಒತ್ತಬೇಡಿ.

ನೀವು ಎಂದೂ ಪಿನ್ ಇಟ್ಟೇ ಇಲ್ಲ, ಆದರೂ ಕೇಳುತ್ತಿದೆಯೇ? ನಿಮ್ಮ ಹೊಸ ನಂಬರ್ ಹಿಂದೆ ಬೇರೆಯವರದಾಗಿದ್ದಿರಬಹುದು. ಬಿಟ್ಟುಹೋದ ನಂಬರ್‌ಗಳನ್ನು ಸಿಮ್ ಕಂಪನಿಗಳು ಮತ್ತೆ ಮಾರುತ್ತವೆ. 7 ದಿನ ಕಾದರೆ ಇಲ್ಲೂ ಸರಿಹೋಗುತ್ತದೆ. ಹಳಬರು ಇನ್ನೂ ಆ ಖಾತೆ ಬಳಸುತ್ತಲೇ ಇದ್ದರೆ ಮಾತ್ರ ಎಳೆದಾಟ.

‘ಈ ನಂಬರ್ ನಿಷೇಧಿಸಲಾಗಿದೆ’ ಎಂದು ಬಂದರೆ ಅದು ವೆರಿಫಿಕೇಶನ್ ತೊಂದರೆಯೇ ಅಲ್ಲ. ಅದೇ ಪರದೆಯಲ್ಲಿ ಮರುಪರಿಶೀಲನೆ ಕೋರುವ ಆಯ್ಕೆ ಇದ್ದರೆ ಬಳಸಿ.

ಮಾಡಬಾರದ್ದು

ಎಸ್‌ಎಂಎಸ್ ಬರಲಿಲ್ಲವೆಂದು ಉಚಿತ ನಂಬರ್ ಕೊಡುವ ಜಾಲತಾಣಗಳಿಗೆ ಹೋಗಬೇಡಿ. ಅಲ್ಲಿ ನಿಮಗೆ ಬಂದ ಕೋಡ್ ಜಗತ್ತಿಗೆಲ್ಲ ಕಾಣುತ್ತದೆ. ಇವತ್ತು ನೀವು ನೋಂದಾಯಿಸಿದ ನಂಬರಿನಲ್ಲಿ ನಾಳೆ ಇನ್ನೊಬ್ಬ ಕೋಡ್ ತರಿಸಿಕೊಂಡು ನಿಮ್ಮನ್ನು ಹೊರಗೆ ಹಾಕುತ್ತಾನೆ.

ಹುಡುಕಾಟದಲ್ಲಿ ಸಿಗುವ ‘ಕಸ್ಟಮರ್ ಕೇರ್’ ನಂಬರಿಗೆ ಕರೆ ಮಾಡಬೇಡಿ. ಸಹಾಯ ಸಿಗುವುದು ಆ್ಯಪಿನೊಳಗಿನ ಹೆಲ್ಪ್ ಪುಟದಿಂದ ಮಾತ್ರ. ಕೋಡ್ ಹೇಳಿ ಎಂದು ಯಾರೇ ಕೇಳಿದರೂ, ಸ್ನೇಹಿತರ ನಂಬರಿನಿಂದಲೇ ‘ನನ್ನ ಕೋಡ್ ತಪ್ಪಿ ನಿನಗೆ ಬಂದಿದೆ, ಸ್ವಲ್ಪ ಕಳಿಸು’ ಎಂದು ಬಂದರೂ, ಕೊಡಬಾರದು. ಆ ಸ್ನೇಹಿತರ ಖಾತೆ ಅದಾಗಲೇ ಹೋಗಿರುತ್ತದೆ, ಈಗ ನಿಮ್ಮ ಸರದಿ. ನೀವು ಕೇಳದೇ ಕೋಡ್ ಬಂದರೆ ಯಾರೋ ನಿಮ್ಮ ನಂಬರ್ ಹಾಕಿದ್ದಾರೆ ಎಂದಷ್ಟೇ. ಯಾರಿಗೂ ಹೇಳದಿದ್ದರೆ ಆ ಮೆಸೇಜಿನಿಂದ ಏನೂ ಆಗುವುದಿಲ್ಲ.

ಯಾವುದೂ ಫಲಿಸದಿದ್ದರೆ

ಆ್ಯಪಿನ ಹೆಲ್ಪ್ ಪುಟದಿಂದ ಬರೆಯಿರಿ. ‘ಒಟಿಪಿ ಬರ್ತಿಲ್ಲ, ದಯವಿಟ್ಟು ಸರಿಮಾಡಿ’ ಎಂದು ಬರೆದರೆ ಸಿದ್ಧ ಉತ್ತರವೇ ಬರುತ್ತದೆ. ದೇಶದ ಕೋಡ್ ಸಮೇತ ಪೂರ್ತಿ ನಂಬರ್, ಸಿಮ್ ಕಂಪನಿ, ಫೋನಿನ ಮಾಡೆಲ್, ಆ್ಯಪಿನ ಆವೃತ್ತಿ, ಕೋರಿಕೆ ಕಳಿಸಿದ ದಿನ ಮತ್ತು ಗಂಟೆ, ಎಸ್‌ಎಂಎಸ್ ಮತ್ತು ಕರೆ ಎರಡನ್ನೂ ನೋಡಿದ್ದೀರಾ, ಬೇರೆ ಒಟಿಪಿ ಬರುತ್ತಿವೆಯೇ, ಪರದೆಯ ಮೇಲೆ ಬಂದ ದೋಷದ ವಾಕ್ಯ ಇದ್ದ ಹಾಗೇ, ಇಷ್ಟನ್ನೂ ಬರೆಯಿರಿ. ಸ್ಕ್ರೀನ್‌ಶಾಟ್ ಸೇರಿಸಿ, ಅದರಲ್ಲಿ ಯಾವ ಕೋಡೂ ಕಾಣದಿರಲಿ.

ಫೋನ್ ನಂಬರೇ ಕೇಳದ ಆ್ಯಪ್‌ಗಳೂ ಇವೆ. ಥ್ರೀಮಾ ಪ್ರತಿ ಬಳಕೆದಾರರಿಗೂ 8 ಅಕ್ಷರದ ಗುರುತನ್ನು ತಾನೇ ಕೊಡುತ್ತದೆ, ಮ್ಯಾಟ್ರಿಕ್ಸ್ ಜಾಲದ ಆ್ಯಪ್‌ಗಳಲ್ಲಿ ಬಳಕೆದಾರ ಹೆಸರು ಸಾಕು. ಸಿಗ್ನಲ್ 2024ರಲ್ಲಿ ಬಳಕೆದಾರ ಹೆಸರು ತಂದಿತಾದರೂ ನೋಂದಣಿಗೆ ನಂಬರ್ ಬೇಕೇ ಬೇಕು. ತೊಡಕೇನೆಂದರೆ ನಿಮ್ಮ ಬಂಧು ಬಳಗ ಇರುವ ಆ್ಯಪಿಗೇ ನೀವು ಹೋಗಬೇಕಷ್ಟೇ.

ಒಳಗೆ ಹೋದ ಮೇಲೆ

ಸೆಟ್ಟಿಂಗ್ಸ್ ತೆರೆದು ಅವತ್ತೇ ಟೂ-ಸ್ಟೆಪ್ ಪಿನ್ ಇಡಿ, ಇಮೇಲ್ ಕೊಡಿ. ಎಸ್‌ಎಂಎಸ್ ಸಿಗದ ಸಂದರ್ಭದಲ್ಲಿ ಇಮೇಲ್‌ಗೇ ಕೋಡ್ ತರಿಸಿಕೊಳ್ಳುವ ಅವಕಾಶ ಈಗ ವಾಟ್ಸ್‌ಆ್ಯಪ್‌ನಲ್ಲಿದೆ, ಆದರೆ ಇಮೇಲ್ ಮೊದಲೇ ಸೇರಿಸಿರಬೇಕು. ಮುಂದೆ ನಂಬರ್ ಬದಲಿಸುವುದಾದರೆ ಹಳೇ ಸಿಮ್ ಬಿಡುವ ಮೊದಲೇ, ಆ್ಯಪಿನ ‘ಚೇಂಜ್ ನಂಬರ್’ ಆಯ್ಕೆಯಿಂದ ಖಾತೆಯನ್ನು ಹೊಸ ನಂಬರಿಗೆ ಸಾಗಿಸಿಕೊಳ್ಳಿ. ಕೋಡ್ ಬರುವುದು ಹೊಸ ನಂಬರಿಗೆ, ಆದ್ದರಿಂದ ಹೊಸ ಸಿಮ್ಮಿಗೆ ಎಸ್‌ಎಂಎಸ್ ಬರಲು ಶುರುವಾದ ಮೇಲೆ ಈ ಕೆಲಸಕ್ಕೆ ಕೈಹಾಕಿ.